ಟೂಲು ಮುರಿದರೆ ತಪ್ಪು ಯಾರದು?

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಲೇಥಿನ ವಿಷಯ ಮಾತಾಡುವ ಅಧಿಕಾರವೇನೆಂದು ನೀವು ಕೇಳಬಹುದು. ಕೇಳಬೇಕಾದುದೇ. ಆದರೆ ಸಂಜೆ ಇಲ್ಲಿ ಪತ್ರಿಕೆ ಓದಲು ಬರುವವರಲ್ಲಿ ಕುರ್ಲಾ, ಸಾಕಿನಾಕಾ, ಭಾಂಡುಪದ ಚಿಕ್ಕ ವರ್ಕ್‌ಶಾಪುಗಳಲ್ಲಿ ಟರ್ನರ್ ಕೆಲಸ ಮಾಡುವ ತಮ್ಮಂದಿರು ಅನೇಕರಿದ್ದಾರೆ. ಟೂಲಿನ ಮೊನೆ ಮುರಿದಾಗಲೆಲ್ಲ ಪಗಾರದಲ್ಲಿ ಕಡಿತವಾಗುತ್ತದೆಂಬ ದೂರನ್ನು ಅವರಿಂದ ಕೇಳಿದ್ದೇವೆ. ಯಂತ್ರ ನಡುಗುತ್ತದೆ ಎಂದರೆ, "ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯೇ ಮೇಸ್ತ್ರಿಯ ಉತ್ತರವಂತೆ. ನೆಲ ನಿಜವಾಗಿಯೂ ಡೊಂಕಾಗಿದೆಯೇ ಎಂದು ನೋಡುವ ಶಾಸ್ತ್ರವೊಂದು ಬೆಳೆದಿದೆ. ಅದರ ಬಗ್ಗೆ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಅಮೆರಿಕದ ಇಂಜಿನಿಯರ್ ಎಫ್. ಡಬ್ಲ್ಯು. ಟೇಲರ್ 26 ವರ್ಷ ಲೋಹ ಕತ್ತರಿಸುವ ಪ್ರಯೋಗ ಮಾಡಿ, 1906ರಲ್ಲಿ ಫಲವನ್ನು ಪ್ರಕಟಿಸಿದರು. ಅದಕ್ಕಾಗಿ 8 ಲಕ್ಷ ಪೌಂಡಿಗೂ ಹೆಚ್ಚು ಉಕ್ಕು ಮತ್ತು ಕಬ್ಬಿಣ ಚೂರಾಯಿತು. ಗಡಿಯಾರ ಹಿಡಿದು ಕೆಲಸ ಅಳೆದ ಈ ಮನುಷ್ಯನ ಮೇಲೆ ಕಾರ್ಮಿಕರಿಗೆ ಸಿಟ್ಟಿತ್ತು. ಆದರೂ ಅವರ ಒಂದು ಲೆಕ್ಕ ಕಾರ್ಮಿಕರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ವೇಗ ಏರಿಸಿದರೆ ಟೂಲಿನ ಆಯುಷ್ಯ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಕಾರ್ಬೈಡ್ ಟೂಲಿಗೆ ರೂಢಿಯಲ್ಲಿರುವ ಒಂದು ಅಂಕಿಯನ್ನು ಹಾಕಿ ನೋಡಿದರೆ, ವೇಗ ಎರಡರಷ್ಟಾದಾಗ ಆಯುಷ್ಯ 16ರಲ್ಲಿ 1 ಪಾಲಾಗುತ್ತದೆ. 60 ನಿಮಿಷ ಬಾಳಬೇಕಾದ ಮೊನೆ 4 ನಿಮಿಷವೂ ಬಾಳದು. ಅವಸರದ ಆರ್ಡರೆಂದು ವೇಗ ಏರಿಸಲು ಹೇಳಿದವರು ಯಾರು ಎಂಬುದನ್ನು ಮೊದಲು ಕೇಳಬೇಕಲ್ಲವೇ?

ಟೂಲು ತಯಾರಿಸುವ ಕಂಪನಿಗಳಿಗೂ ಈ ಪ್ರಶ್ನೆ ಬಿಟ್ಟಿದ್ದಲ್ಲ. ಒಂದೇ ಡಬ್ಬಿಯ ಮೊನೆ ಒಂದು ಯಂತ್ರದಲ್ಲಿ ಚೆನ್ನಾಗಿ ಬಾಳಿ, ಇನ್ನೊಂದರಲ್ಲಿ ಬೇಗ ಒಡೆಯುತ್ತದೆ. ಯಂತ್ರದ ಬಿಗಿ, ಟೂಲು ಹೋಲ್ಡರಿನಿಂದ ಹೊರಗೆ ಚಾಚಿರುವ ಉದ್ದ, ಲೋಹದ ಜಾತಿ, ಇವೆಲ್ಲ ಕೂಡಿ ನಡುಕ ಹುಟ್ಟಿಸುತ್ತವೆ. ಆದುದರಿಂದ ಟೂಲಿನವರೊಬ್ಬರೇ ಕುಳಿತು ಇದಕ್ಕೆ ಉತ್ತರ ಕಂಡುಕೊಳ್ಳಲಾರರು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ವಿಮಾನ ಕಟ್ಟುವ ಬೋಯಿಂಗ್ ಕಂಪನಿ ಕೂಡಿ 2001ರಲ್ಲಿ ಒಂದು ಸಂಶೋಧನ ಕೇಂದ್ರವನ್ನು ತೆರೆದವು. ಸ್ವೀಡನ್ನಿನ ಟೂಲು ಕಂಪನಿ ಸ್ಯಾಂಡ್‌ವಿಕ್ ಕೊರೊಮಂಟ್ ಅದರ ಸದಸ್ಯವಾಯಿತು. ಅಲ್ಲಿ ಟೂಲಿನವರು, ಯಂತ್ರದವರು, ಅವುಗಳನ್ನು ಬಳಸುವವರು ಒಂದೇ ಸೂರಿನಡಿ ಕೂಡುತ್ತಾರೆ. ಎಲ್ಲರಿಗೂ ಬೇಕಾದ ತಿಳಿವಳಿಕೆಯನ್ನು ಸದಸ್ಯರು ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರ ಗುಟ್ಟು ಅವರವರಲ್ಲೇ ಉಳಿಯುತ್ತದೆ.

ನಮ್ಮ ನಾಡು ಇದಕ್ಕೆ ಹೊರತಲ್ಲ. ಬೆಂಗಳೂರಿನಲ್ಲಿ ಚೆಕೊಸ್ಲೊವಾಕಿಯದ ನೆರವಿನಿಂದ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಹುಟ್ಟಿತು. 1964ರಲ್ಲಿ ಅದೇ ಊರಿನಲ್ಲಿ ಕಾರ್ಬೈಡ್ ಟೂಲು ಮಾಡುವ ವಿಡಿಯಾ ಕಂಪನಿ ಸ್ಥಾಪನೆಯಾಯಿತು. ಮುಂಬಯಿಯಲ್ಲಂತೂ ಸಾಕಿನಾಕಾದಿಂದ ಸಾಕಿವಿಹಾರ ರಸ್ತೆ ಹಿಡಿದರೆ ಪವಾಯಿ ಸಿಗುತ್ತದೆ. ಅಲ್ಲಿಯ ಐಐಟಿಯಲ್ಲಿ 2010ರ ದಶಕದ ಆರಂಭದಲ್ಲಿ ಕೇಂದ್ರ ಸರಕಾರದ ವಿಜ್ಞಾನ ಇಲಾಖೆ ಮತ್ತು ಬೋಯಿಂಗ್ ಕೂಡಿ ವಿಮಾನ ತಯಾರಿಕೆಯ ಸಂಶೋಧನೆಗೆ ರಾಷ್ಟ್ರೀಯ ಕೇಂದ್ರವೊಂದು ನಡೆಯುವಂತೆ ಮಾಡಿದವು. ಟೈಟಾನಿಯಂನಂಥ ಒಗ್ಗದ ಲೋಹವನ್ನು ಕತ್ತರಿಸುವುದೂ ಅದರ ಅಭ್ಯಾಸದ ವಿಷಯ. ಟೈಟಾನಿಯಂ ಶಾಖವನ್ನು ಬೇಗ ಒಯ್ಯುವುದಿಲ್ಲ. ಆದುದರಿಂದ ಕಾವೆಲ್ಲ ಮೊನೆಯಲ್ಲೇ ಕೂತು ಅದನ್ನು ತಿನ್ನುತ್ತದೆ.

ಅಷ್ಟು ಹತ್ತಿರದಲ್ಲಿ ವಿದ್ಯೆಯಿದ್ದರೂ ನಾಲ್ಕು ಲೇಥಿನ ವರ್ಕ್‌ಶಾಪಿನ ಬಾಗಿಲಿಗೆ ಅದು ತಾನಾಗಿ ನಡೆದು ಬರುವುದಿಲ್ಲ. ಅದಕ್ಕೆ ನಮ್ಮ ಸಲಹೆ ಇಷ್ಟು. ಪ್ರತಿಯೊಬ್ಬ ಟರ್ನರನೂ ಒಂದು ಚಿಕ್ಕ ವಹಿ ಇಟ್ಟುಕೊಳ್ಳಲಿ. ಲೋಹ ಯಾವುದು, ಡಬ್ಬಿಯ ಮೇಲಿನ ನಂಬರೇನು, ವೇಗ, ಫೀಡು, ಕಟ್ಟಿನ ಆಳ ಎಷ್ಟು, ಕೂಲಂಟ್ ಇತ್ತೇ, ಎಷ್ಟು ನಗವಾದ ಮೇಲೆ ಮೊನೆ ಹೋಯಿತು, ಸವೆದು ಹೋಯಿತೋ ಚಕ್ಕೆಯೆದ್ದು ಹೋಯಿತೋ, ವೇಗ ಇಷ್ಟಿರಲಿ ಎಂದವರು ಯಾರು, ಇವನ್ನು ತಾರೀಖಿನೊಡನೆ ಬರೆಯಲಿ. ದೊಡ್ಡ ಕೇಂದ್ರಗಳಲ್ಲಿ ನಡೆಯುವುದೂ ಮೂಲತಃ ಇಂಥ ಬರವಣಿಗೆಯೇ. ಟೂಲು ಕಂಪನಿಯ ಇಂಜಿನಿಯರು ಬಂದಾಗ ಈ ವಹಿ ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

ಕಾನೂನಿನ ಮಾತೂ ಒಂದಿದೆ. 1936ರ ವೇತನ ಪಾವತಿ ಕಾಯಿದೆಯಲ್ಲೂ, ಅದರ ಬದಲಿಗೆ ರಚಿಸಿದ 2019ರ ವೇತನ ಸಂಹಿತೆಯಲ್ಲೂ, ನಷ್ಟಕ್ಕಾಗಿ ಪಗಾರ ಕಡಿಯಬೇಕಾದರೆ ಆ ನಷ್ಟ ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು. ಕಡಿಯುವ ಮೊದಲು ಅವನ ಸಮಾಧಾನ ಕೇಳಲೂಬೇಕು. ಕೇಳಿದ ದಿನ ಹೇಳಲು ಕೈಯಲ್ಲಿ ಅಂಕಿಗಳಿರಲಿ.

ಟೂಲಿನ ಕ್ಯಾಟಲಾಗು ಇಂಗ್ಲಿಷಿನಲ್ಲಿದೆಯೆಂದು ಯಾರೂ ಹಿಂಜರಿಯಬೇಡಿ. ರವಿವಾರ ಹತ್ತು ಗಂಟೆಯ ಮೇಲೆ ಇಲ್ಲಿಗೆ ತನ್ನಿ. ಸ್ವಯಂಸೇವಕರಾದ ನಾವು ಓದಿ ಕನ್ನಡದಲ್ಲಿ ಹೇಳುತ್ತೇವೆ. ವಹಿಗೆ ಮನೆಗಳನ್ನು ಗೆರೆ ಎಳೆದೂ ಕೊಡುತ್ತೇವೆ. ಅದಕ್ಕೆ ವರ್ಗಣಿಯಿಲ್ಲ.