ಹೋಟೆಲಿನ ಒಳಕೋಣೆಗೆ



ಫುಡ್ ಸೈನ್ಸ್ ಓದ್ತೀನಿ ಅಂದವನನ್ನು ಹಾಸ್ಟೆಲಿನಲ್ಲಿ ನಾವು 'ಅಡುಗೆಭಟ್ಟ' ಅಂತ ಆಡಿಕೊಳ್ತೀವಿ. ಆಡಿಕೊಳ್ಳೋ ಮೊದಲು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 38ನೇ ಸೆಕ್ಷನ್ ಓದೋಣ. ತಿನ್ನೋ ಪದಾರ್ಥ ತಯಾರಿಸುವ, ಮಾರಾಟಕ್ಕಿಡುವ ಜಾಗದೊಳಕ್ಕೆ ಹೋಗಿ ತಪಾಸಣೆ ಮಾಡುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗೆ ಉಂಟು. ನಮ್ಮ ಅಪ್ಪಂದಿರು ಹೊರಗೆ ಕೂತು ಬೇರೆ ಲೋಟದಲ್ಲಿ ಟೀ ಕುಡಿದು, ಆ ಲೋಟವನ್ನು ತಾವೇ ತೊಳೆದಿಟ್ಟ ಹೋಟೆಲುಗಳಿದ್ದವಲ್ಲ, ಅಂಥವುಗಳ ಒಲೆಯವರೆಗೂ! ಎಣ್ಣೆಯ ಸ್ಯಾಂಪಲ್ ತೆಗೆದರೆ ಅಂಗಡಿ ರೇಟಿನಂತೆ ದುಡ್ಡು ಎಣಿಸಿ ಕೊಡಬೇಕು, ಪುಕ್ಕಟೆ ಅಲ್ಲ. ಅದನ್ನು 4 ಭಾಗ ಮಾಡಿ ಸೀಲು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ; ಅವರು 14 ದಿನದಲ್ಲಿ ವರದಿ ಕೊಡಬೇಕು.

ಬಿ.ಎ. ಮಾಡಿಕೊಂಡ ನಮ್ಮಂಥವರಿಗೆ ಈ ಕೆಲಸ ಸಿಕ್ಕೋದಿಲ್ಲ. ಆಹಾರ ತಂತ್ರಜ್ಞಾನ, ಡೈರಿ ತಂತ್ರಜ್ಞಾನ, ಕೃಷಿ ವಿಜ್ಞಾನದ ಪದವೀಧರರಿಗೆ, ರಸಾಯನಶಾಸ್ತ್ರದ ಎಂ.ಎಸ್ಸಿ.ಯವರಿಗೆ ಉಂಟು. ಒಂದು ಎಚ್ಚರ: ನಿಯಮದ ಪಟ್ಟಿಯಲ್ಲಿರೋದು 'ಆಹಾರ ತಂತ್ರಜ್ಞಾನ' ಅನ್ನೋ ಮಾತು. ಸರ್ಟಿಫಿಕೇಟಿನಲ್ಲಿ 'ಆಹಾರ ವಿಜ್ಞಾನ' ಅಂತಿದ್ದರೆ ಸಮಾನ ಪದವಿ ಹೌದೋ ಅಲ್ಲವೋ ಅಂತ ತಕರಾರು ಏಳಬಹುದು. ಆದ್ದರಿಂದ ಸೀಟು ಹಿಡಿಯೋ ಮುಂಚೆಯೇ ಕೇಳಿ, ಬರವಣಿಗೆಯಲ್ಲೇ ಕೇಳಿ.

ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಇದೆ, ಅಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ.ಯೂ ಇದೆ. ನಾವೋ ಅದರ ಗೇಟನ್ನು ಬಸ್ಸಿನಿಂದ ನೋಡಿಕೊಂಡೇ ಹೋದವರು. ಈ ಸಲ ಅರ್ಜಿ ಫಾರಂ ತರೋಣ, ಹಾಸ್ಟೆಲಿನಲ್ಲೇ ಕೂತು ತುಂಬೋಣ.