ತತ್ತಿಗೆ ಕೈ ಹಚ್ಚುವ ಮುಂಚೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಈ ಶಾಲೆಯಲ್ಲಿ ಕಲಿತ ಒಂದು ಪಾಠ ಹೇಳಿರಿ ಎಂದು ಸಂಘಟಕರು ಕೇಳಿದರು. ನನಗೆ ನೆನಪಾದದ್ದು ಪುಸ್ತಕದ ಪಾಠವಲ್ಲ, ಒಂದು ಕೋಳಿ ತತ್ತಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮಾಸ್ತರರು ಒಂದು ಕಾವುಪೆಟ್ಟಿಗೆ ಮಾಡಿಸಿದರು. ಕಟ್ಟಿಗೆಯ ಪೆಟ್ಟಿಗೆ, ಒಳಗೆ ಬಲ್ಬು, ಒಂದು ಉಷ್ಣಮಾಪಕ, ಒಂದು ಬಟ್ಟಲಲ್ಲಿ ನೀರು. ಮನೆಮನೆಯಿಂದ ಹನ್ನೆರಡು ಜವಾರಿ ತತ್ತಿ ತಂದು ಇಟ್ಟೆವು. ಒಂದು ಬದಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ದಿನಕ್ಕೆ ಮೂರು ಸಲ ಹೊರಳಿಸುವುದು ನಮ್ಮ ಪಾಳಿ. ಕರೆಂಟು ಹೋದರೆ ಕಂಬಳಿ ಹೊದಿಸುವುದೂ ನಮ್ಮದೇ ಕೆಲಸ. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿದೆವು.

ಇಪ್ಪತ್ತನೆಯ ದಿನ ಮುಂಜಾನೆ ಒಂದು ತತ್ತಿಯ ಮೇಲೆ ಸಣ್ಣ ಬಿರುಕು ಕಂಡಿತು. ಒಳಗಿನಿಂದ ಚಿಂವ್ ಚಿಂವ್ ದನಿ. ಇಡೀ ತರಗತಿ ಸುತ್ತ ನೆರೆಯಿತು. ಮಧ್ಯಾಹ್ನದ ಗಂಟೆ ಹೊಡೆದರೂ ಬಿರುಕು ಅಷ್ಟೇ ಇತ್ತು. ಊಟದ ಬಿಡುವಿನಲ್ಲಿ ಯಾರೂ ಇರಲಿಲ್ಲ. ಪಾಪ, ಮರಿಗೆ ದಮ್ಮು ಹತ್ತಿದೆ ಎಂದುಕೊಂಡು ನಾನು ಮುಚ್ಚಳ ತೆಗೆದು ಉಗುರಿನಿಂದ ಸಿಪ್ಪೆ ಸುಲಿದೆ. ಬೆರಳಿಗೆ ರಕ್ತ ಹತ್ತಿತು. ಹೆದರಿ ಇನ್ನೂ ಬೇಗ ಸುಲಿದೆ. ಮರಿ ಹೊರಬಂತು. ಅದರ ಹೊಟ್ಟೆಗೆ ಹಳದಿ ಚೀಲವೊಂದು ಜೋತಿತ್ತು. ಶಾಲೆ ಬಿಡುವುದರೊಳಗೆ ಅದು ಸತ್ತಿತು.

ಹೊಡೆತ ಬೀಳುತ್ತದೆ ಎಂದು ಕೈ ಚಾಚಿ ನಿಂತಿದ್ದೆ. ಮಾಸ್ತರರು ಹೊಡೆಯಲಿಲ್ಲ. "ಮರಿ ತಡಾ ಮಾಡಿರಲಿಲ್ಲ, ನೀ ಅವಸರ ಮಾಡಿದಿ" ಎಂದರು. ಆಮೇಲೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು.

ಮರಿ ಮೊದಲು ತತ್ತಿಯ ದಪ್ಪ ತುದಿಯಲ್ಲಿರುವ ಗಾಳಿಯ ಗೂಡಿಗೆ ಕೊಕ್ಕು ತೂರಿಸಿ ಉಸಿರಾಡಲು ಕಲಿಯುತ್ತದೆ. ಆಮೇಲೆ ಕೊಕ್ಕಿನ ತುದಿಯ ಸಣ್ಣ ಗಟ್ಟಿ ಮೊನೆಯಿಂದ ಸಿಪ್ಪೆ ಒಡೆಯುತ್ತದೆ. ಅಲ್ಲಿಂದ ಹೊರಗೆ ಬರಲು ಸಾಮಾನ್ಯವಾಗಿ 12ರಿಂದ 24 ತಾಸು ಬೇಕು. ನಮ್ಮ ಕಣ್ಣಿಗೆ ಅದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಒಳಗೆ ಮಾತ್ರ ಪೊರೆಯ ನಾಳಗಳಲ್ಲಿದ್ದ ರಕ್ತ ಮೈಗೆ ಇಳಿಯುತ್ತಿರುತ್ತದೆ. ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರಿ ಹೊಕ್ಕಳು ಮುಚ್ಚುತ್ತಿರುತ್ತದೆ. ಆ ಹಳದಿಯೇ ಹುಟ್ಟಿದ ಮೇಲೆ ಎರಡು ದಿನದ ಬುತ್ತಿ. ನಾನು ಮರಿಯನ್ನು ಬಿಡಿಸಿರಲಿಲ್ಲ, ಅದರ ಬುತ್ತಿಯನ್ನೇ ಕಿತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ, ಯಾರಿಗೂ ಸಹಾಯ ಮಾಡಬಾರದು ಎಂದು ನಾನು ಹೇಳಬೇಕಾಗುತ್ತಿತ್ತು. ಆದರೆ ಪಾಠದ ಇನ್ನರ್ಧ ಮುಂದೆ ತಿಳಿಯಿತು.

ದೊಡ್ಡವನಾದ ಮೇಲೆ ಮನೆಯಲ್ಲಿ ಕೋಳಿ ಸಾಕಿದೆ, ನನ್ನದೇ ಕಾವುಪೆಟ್ಟಿಗೆ ಇಟ್ಟೆ. ಶಾಖ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಸರಿಯಾಗಿಯೇ ಇತ್ತು. ಆದರೂ ಒಂದು ಏಪ್ರಿಲ್‌ನಲ್ಲಿ ನಾಲ್ಕು ತತ್ತಿಗಳು ಬಿರುಕು ಬಿಟ್ಟು ಅಲ್ಲಿಗೇ ನಿಂತವು. ಮರಿಗಳೇ ದುರ್ಬಲ ಎಂದು ನಾನು ಬೈದೆ. ನಮ್ಮವ್ವ ಬನಹಟ್ಟಿಯ ಮಗ್ಗದ ಮನೆಯಲ್ಲಿ ಬೆಳೆದವಳು. ಬೇಸಗೆಯಲ್ಲಿ ಗಾಳಿ ಒಣಗಿದರೆ ಹತ್ತಿ ನೂಲಿನ ಎಳೆ ಪಟಪಟ ಕಡಿಯುತ್ತದೆ. ಆಗ ನೇಕಾರರು ಎಳೆಯನ್ನು ಬೈಯುವುದಿಲ್ಲ, ನೆಲಕ್ಕೆ ನೀರು ಚಿಮುಕಿಸುತ್ತಾರೆ. ಅವ್ವ ಪೆಟ್ಟಿಗೆಯ ಬಟ್ಟಲು ನೋಡಿ, "ಇದರಾಗ ನೀರ ಇಲ್ಲಲ್ಲೋ ತಮ್ಮಾ" ಎಂದಳು.

ಕೊನೆಯ ಮೂರು ದಿನ ಪೆಟ್ಟಿಗೆಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಇರಬೇಕು. ನಾನು ನೋಡುವ ಆಸೆಗೆ ಮತ್ತೆ ಮತ್ತೆ ಮುಚ್ಚಳ ತೆಗೆದು ಒಣಗಾಳಿ ಹೊಗಿಸಿದ್ದೆ. ಒಣಗಿದ ಪೊರೆ ಮರಿಯ ಮೈಗೆ ಅಂಟಿಕೊಂಡಿತ್ತು. ತಪ್ಪು ಮರಿಯದಲ್ಲ, ನಾನು ಕೊಟ್ಟ ಗಾಳಿಯದು.

ಕೂಡಲೇ ಬೆಚ್ಚಗಿನ ನೀರು ಇಟ್ಟು, ಒದ್ದೆ ಬಟ್ಟೆ ಹಾಕಿ, ಮುಚ್ಚಳ ಮುಚ್ಚಿದೆ. ಎರಡು ಮರಿಗಳು ತಾವೇ ಹೊರಬಂದವು. ಉಳಿದೆರಡು 24 ತಾಸು ದಾಟಿದರೂ ಅಲ್ಲೇ ಇದ್ದವು. ಪೊರೆ ಹಳೆಯ ಕಾಗದದಂತೆ ಕಂದಿತ್ತು, ದನಿ ಸಣ್ಣಗಾಗಿತ್ತು. ಆಗ ಮಾತ್ರ ಕೈ ಹಚ್ಚಿದೆ. ದಪ್ಪ ತುದಿಯ ಸಿಪ್ಪೆಯನ್ನು ಚೂರುಚೂರೇ ತೆಗೆದು, ಬೆಚ್ಚಗಿನ ನೀರಲ್ಲಿ ಅದ್ದಿದ ಅರಳೆಯಿಂದ ಪೊರೆ ನೆನೆಸಿದೆ. ಒಂದರಲ್ಲಿ ಕೆಂಪು ನಾಳ ಕಂಡಿತು. ತಕ್ಷಣ ನಿಲ್ಲಿಸಿ ಮತ್ತೆ ಒಳಗಿಟ್ಟು ನಾಲ್ಕು ತಾಸು ಕಾದೆ. ನಾಳ ಬತ್ತಿದ ಮೇಲೆ ತಲೆಯಷ್ಟೇ ಬಿಡಿಸಿದೆ. ಉಳಿದದ್ದನ್ನು ಮರಿ ತಾನೇ ಕಾಲಿನಿಂದ ಒದ್ದು ಹೊರಬಂತು. ಇನ್ನೊಂದು ಉಳಿಯಲಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಉಳಿಯುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಗುರುಗಳೇ, ತಂದೆತಾಯಿಗಳೇ, ತಡವಾಗಿ ಕಲಿಯುವ ಮಗು ನಮ್ಮೆಲ್ಲರ ಮನೆಯಲ್ಲೂ, ಪ್ರತಿ ತರಗತಿಯಲ್ಲೂ ಇದೆ. ಮೊದಲು ಬಟ್ಟಲಲ್ಲಿ ನೀರು ಇದೆಯೇ ನೋಡೋಣ. ಆಮೇಲೆ ಕಾಯೋಣ. ಕಾದರೂ ಆಗದಿದ್ದಾಗ, ತಲೆ ಹೊರಬರುವಷ್ಟು ಮಾತ್ರ ಬಿಡಿಸೋಣ. ಅಂದು ನನಗೆ ಹೊಡೆಯದೆ ಬೋರ್ಡಿನ ಮೇಲೆ ಚಿತ್ರ ಬರೆದ ಮಾಸ್ತರರು ನನಗೆ ಮಾಡಿದ್ದೂ ಅಷ್ಟೇ.