ಕಸುಬು ಕೇಳಿದ ವೈದ್ಯ

ದುಡಿಯುವವರ ಆರೋಗ್ಯವನ್ನು ದುಡಿಯುವ ಜಾಗದಲ್ಲೇ ಕಾಯಬೇಕೆಂಬ ವಿಚಾರ ಬೇರುಬಿಟ್ಟದ್ದು ಒಂದು ಮಲಗುಂಡಿಯ ಪಕ್ಕದಲ್ಲಿ. ಊರು ಇಟಲಿಯ ಮೊದೆನಾ, ಕಾಲ 17ನೆಯ ಶತಮಾನದ ಕೊನೆ. ಅಲ್ಲಿ ಮನೆಗಳ ಗುಂಡಿಗಳನ್ನು ಮೂರು ವರ್ಷಕ್ಕೊಮ್ಮೆ ಬಳಿಸುವ ರೂಢಿಯಿತ್ತು. ವೈದ್ಯ, ಪ್ರಾಧ್ಯಾಪಕ ಬರ್ನಾರ್ಡಿನೊ ರಾಮಾಜ್ಜೀನಿಯ ಮನೆಗೆ ಬಂದ ಆಳು, ಯಾರೋ ಬೆನ್ನಟ್ಟಿದ್ದಾರೆ ಎಂಬಂತೆ ಅವಸರದಲ್ಲಿ ಬಳಿಯುತ್ತಿದ್ದ. ಇಷ್ಟೇಕೆ ಆತುರ ಎಂದು ವೈದ್ಯ ಕೇಳಿದ. ನಾಲ್ಕು ಗಂಟೆ ಮೀರಿ ಇದರೊಳಗಿದ್ದರೆ ಕಣ್ಣೇ ಹೋಗುತ್ತದೆ ಎಂದ ಆಳು. ನೋಡಿದರೆ ಕಣ್ಣು ಕೆಂಪಗೆ, ದೃಷ್ಟಿ ಮಂಜು. ಮದ್ದೇನು ಎಂದರೆ, ಮನೆಗೆ ಹೋಗಿ ಕತ್ತಲ ಕೋಣೆಯಲ್ಲಿ ಕೂತು ಉಗುರುಬೆಚ್ಚಗಿನ ನೀರಲ್ಲಿ ಕಣ್ಣು ತೊಳೆಯುವುದು, ಅಷ್ಟೇ. ಈ ಆಳುಗಳ ಜೇಬಿನಲ್ಲಿದ್ದ ತಾಮ್ರದ ಕಾಸೂ ಕಪ್ಪಾಗುತ್ತಿತ್ತು. ಕೊಳೆತ ಮಲದಿಂದೇಳುವ ಹೈಡ್ರೋಜನ್ ಸಲ್ಫೈಡ್ ಅನಿಲದ ಕೆಲಸವದು.

ಮೂಗು ಮುಚ್ಚಿಕೊಂಡು ಒಳಗೆ ಹೋಗಬಹುದಾಗಿದ್ದ ಪ್ರಾಧ್ಯಾಪಕ ಅಲ್ಲಿ ನಿಂತು ಮಾತಾಡಿಸಿದ್ದು ವೈದ್ಯಶಾಸ್ತ್ರದ ಪುಣ್ಯ. ಆಮೇಲೆ ಅವನು ಕುಂಬಾರರು, ಕನ್ನಡಿಗೆ ಪಾದರಸ ಬಳಿಯುವವರು, ಅಗಸಗಿತ್ತಿಯರು ಹೀಗೆ ಕಸುಬಿನಿಂದ ಕಸುಬಿಗೆ ಅಲೆದು 1700ರಲ್ಲಿ ಕೆಲಸಗಾರರ ರೋಗಗಳ ಮೇಲೆ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ರೋಗಿಯನ್ನು ಕೇಳಲು ಗ್ರೀಕ್ ವೈದ್ಯ ಹಿಪೊಕ್ರಟಿಸ್ ಹೇಳಿದ್ದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬು ಯಾವುದು? ದಿನವಿಡೀ ಕೂತು ಬರೆಯುವ ಗುಮಾಸ್ತರ ಕೈನೋವೂ ಅವನ ಕಣ್ಣು ತಪ್ಪಿಸಲಿಲ್ಲ. ಕೂತು ದುಡಿಯುವವರು ರಜಾದಿನದಲ್ಲಾದರೂ ಮೈ ಆಡಿಸಲಿ ಎಂದ. ಕಂಪ್ಯೂಟರ್ ಮುಂದೆ ಕೂತವರಿಗೆ ಈಗ ಕಚೇರಿಗಳು ಕೊಡುವ ಬುದ್ಧಿವಾದ ಇದಕ್ಕಿಂತ ಹೆಚ್ಚೇನಲ್ಲ.

ಮುಂದಿನದು ಬಹುಪಾಲು ಕಾಯಿದೆಗಳ ಕಥೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದ. ಬ್ರಿಟನ್ನಿನಲ್ಲಿ 1833ರ ಕಾಯಿದೆಯಿಂದ ಕಾರ್ಖಾನೆಗಳಿಗೆ ಇನ್‌ಸ್ಪೆಕ್ಟರುಗಳು ಬಂದರು. ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದು. 1948ರ ಕಾಯಿದೆಯಲ್ಲಿ 250ಕ್ಕೂ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನಿಗೆ, 500 ಮೀರಿದಲ್ಲಿ ಚಿಕಿತ್ಸೆಯ ಕೋಣೆಗೆ ಅವಕಾಶವಾಯಿತು. ಅದೇ ವರ್ಷ ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ಕಾಯಿದೆಯೂ ಬಂತು.

ಕಸುಬು ತರುವ ರೋಗಕ್ಕೆ ನಮ್ಮ ನಾಡಿನದೇ ಉದಾಹರಣೆ ಕೋಲಾರದ ಗಣಿ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ನೀರಿಲ್ಲದೆ ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಾಗುತ್ತದೆ. ಇದೇ ಸಿಲಿಕೋಸಿಸ್. ನೀರು ಹಾಯಿಸುತ್ತ ಕೊರೆದರೆ ದೂಳು ಬಹಳಷ್ಟು ತಗ್ಗುತ್ತದೆ, ಒಳಗೆ ಕೂತದ್ದು ಮಾತ್ರ ಹೊರಬರುವುದಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಕೆಮ್ಮು ಕಾರ್ಮಿಕರ ಜೊತೆ ಮನೆಗೆ ಹೋಯಿತು.

ಇನ್ನು ಗುಂಡಿಯ ಆಳು. ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದನ್ನು ಭಾರತದ ಕಾಯಿದೆ ನಿಷೇಧಿಸಿದ್ದು 2013ರಲ್ಲಿ. ಹತ್ತು ವರ್ಷದ ಮೇಲೂ ಸಾವು ನಿಂತಿರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಹೀಗೆ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.